ಚರ್ಚ್‌ಗಳು ವಲಸಿಗರ ಜೊತೆ ಹೇಗೆ ನಿಲ್ಲುತ್ತವೆ? ಅಮೆರಿಕದಲ್ಲಿ ಬೆಳೆದ ಒಂದು ಪದ್ಧತಿಯ ಪರಿಚಯ

2025ರ ಜೂನ್ 20, ವಿಶ್ವ ನಿರಾಶ್ರಿತರ ದಿನ. ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ವಲಸೆ ಕೋರ್ಟ್ ಇರುವ ಸರ್ಕಾರಿ ಕಟ್ಟಡಕ್ಕೆ ಕ್ಯಾಥೊಲಿಕ್ ಬಿಷಪ್ ಮೈಕಲ್ ಫಾಮ್ ಬಂದರು. ಜೊತೆಗೆ ಪಾದ್ರಿಗಳಿದ್ದರು, ಬೇರೆ ಧರ್ಮಗಳ ಮುಖಂಡರೂ ಇದ್ದರು. ಅವರು ಬಂದಿದ್ದು ಘೋಷಣೆ ಕೂಗುವುದಕ್ಕಲ್ಲ. ವಿಚಾರಣೆ ನಡೆಯುವ ಕೋಣೆಗಳಲ್ಲಿ ಹೋಗಿ ಸುಮ್ಮನೆ ಕೂತರು. ಆ ಕೋಣೆಗಳ ಹೊರಗಿನ ಕಾರಿಡಾರ್‌ನಲ್ಲಿ ಕೆಲವು ವಾರಗಳಿಂದ ವಲಸೆ ಇಲಾಖೆಯ ಅಧಿಕಾರಿಗಳು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕಾಯುತ್ತಿದ್ದರು. ವಿಚಾರಣೆ ಮುಗಿಸಿ ಆಚೆ ಬಂದವರನ್ನು ಅಲ್ಲೇ ಹಿಡಿದು ಕರೆದೊಯ್ಯುತ್ತಿದ್ದರು. ಅವತ್ತು ಬಿಷಪ್ ಮತ್ತು ಪಾದ್ರಿಗಳನ್ನು ಕಂಡ ಮೇಲೆ ಅವರು ಅಲ್ಲಿಂದ ಸರಿದು ಹೋದರು.

ಫಾಮ್ ಹುಟ್ಟಿದ್ದು ವಿಯೆಟ್ನಾಂನಲ್ಲಿ. ಹುಡುಗನಾಗಿದ್ದಾಗ ದೋಣಿಯಲ್ಲಿ ತಪ್ಪಿಸಿಕೊಂಡು, ನಿರಾಶ್ರಿತನಾಗಿ ಅಮೆರಿಕಕ್ಕೆ ಬಂದವರು.

ಈ ಸುದ್ದಿ ಓದಿದಾಗ ಕೆಲವು ಪ್ರಶ್ನೆಗಳು ಏಳುತ್ತವೆ. ಪ್ರಾರ್ಥನೆ, ಪ್ರವಚನ ಮಾಡಿಕೊಂಡಿರಬೇಕಾದ ಪಾದ್ರಿಗಳಿಗೆ ಕೋರ್ಟಿನಲ್ಲಿ ಏನು ಕೆಲಸ? ಇದು ದಾನಧರ್ಮವೋ, ರಾಜಕೀಯವೋ? ಚರ್ಚಿನ ಒಳಗೆ ಇದ್ದರೆ ಪೊಲೀಸರು ಹಿಡಿಯುವಂತಿಲ್ಲ ಅಂತಾರಲ್ಲ, ಅದು ನಿಜವಾ? ಇದರ ಹಿಂದೆ ಸುಮಾರು 85 ವರ್ಷದ ಚರಿತ್ರೆ ಇದೆ. ಬುಡದಿಂದ ನೋಡೋಣ.

ಮೊದಲು ಕೆಲವು ಪದಗಳು

ಸುದ್ದಿಯಲ್ಲಿ ‘ವಲಸಿಗ’ ಅನ್ನುವ ಒಂದೇ ಪದದಲ್ಲಿ ಎಲ್ಲರನ್ನೂ ಸೇರಿಸಿಬಿಡುತ್ತಾರೆ. ಕಾನೂನಿನ ಕಣ್ಣಿಗೆ ಅವರೆಲ್ಲ ಬೇರೆ ಬೇರೆ.

ಕೆಲಸಕ್ಕೋ, ಓದಿಗೋ, ಮನೆಯವರನ್ನು ಸೇರಿಕೊಳ್ಳುವುದಕ್ಕೋ ಬೇರೆ ದೇಶಕ್ಕೆ ಹೋಗಿ ನೆಲೆಸುವವರು ವಲಸಿಗರು. ಧರ್ಮ, ಜನಾಂಗ, ರಾಷ್ಟ್ರೀಯತೆ, ರಾಜಕೀಯ ನಿಲುವು ಇಂಥ ಕಾರಣಕ್ಕೆ ತಮ್ಮ ದೇಶದಲ್ಲಿ ಕಿರುಕುಳಕ್ಕೆ ಸಿಕ್ಕಿ ಓಡಿಬಂದವರು ನಿರಾಶ್ರಿತರು. ಈ ವಿವರಣೆ ಬಂದಿದ್ದು 1951ರ ಅಂತರರಾಷ್ಟ್ರೀಯ ಒಪ್ಪಂದದಿಂದ. ಅಮೆರಿಕ ಅದನ್ನು ತನ್ನ ಕಾನೂನಿಗೆ ಸೇರಿಸಿಕೊಂಡಿದ್ದು 1980ರಲ್ಲಿ. ದೇಶದೊಳಗೆ ಬಂದ ಮೇಲೆ ಅಥವಾ ಗಡಿಯಲ್ಲಿ ನಿಂತು ‘ನನ್ನನ್ನು ವಾಪಸ್ ಕಳಿಸಬೇಡಿ, ಜೀವಕ್ಕೆ ಅಪಾಯ ಇದೆ’ ಎಂದು ಅರ್ಜಿ ಹಾಕಿದವರು ಆಶ್ರಯ ಕೋರಿದವರು. ಇನ್ನು ವೀಸಾ, ಪರವಾನಗಿ ಯಾವುದೂ ಇಲ್ಲದೆ ಇರುವವರನ್ನು ದಾಖಲೆ ಇಲ್ಲದವರು ಅನ್ನುತ್ತಾರೆ. ಒಂದೇ ಮನೆಯಲ್ಲಿ ಅಪ್ಪ ದಾಖಲೆ ಇಲ್ಲದವನು, ಅಮ್ಮ ಆಶ್ರಯ ಕೋರಿದವಳು, ಅಲ್ಲೇ ಹುಟ್ಟಿದ ಮಗು ಅಮೆರಿಕದ ಪ್ರಜೆ, ಹೀಗೂ ಇರುತ್ತದೆ.

ಅಮೆರಿಕದ ವಲಸೆ ಕೋರ್ಟುಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕ್ರಿಮಿನಲ್ ಕೇಸಿನಲ್ಲಿ ಲಾಯರ್ ಇಡಲು ದುಡ್ಡಿಲ್ಲದವರಿಗೆ ಸರ್ಕಾರವೇ ಲಾಯರ್ ಕೊಡುತ್ತದೆ. ವಲಸೆ ಕೋರ್ಟಿನಲ್ಲಿ ಹಾಗೆ ಕೊಡುವುದಿಲ್ಲ. ಸ್ವಂತ ಖರ್ಚಿನಲ್ಲಿ ಹುಡುಕಿಕೊಳ್ಳಬೇಕು, ಇಲ್ಲವೇ ಒಬ್ಬರೇ ನಿಲ್ಲಬೇಕು. ಭಾಷೆ ಬಾರದ, ಕಾನೂನು ಗೊತ್ತಿಲ್ಲದ ಎಷ್ಟೋ ಜನ ಜಡ್ಜ್ ಮುಂದೆ ಒಬ್ಬರೇ ನಿಲ್ಲುತ್ತಾರೆ. ಬಿಷಪ್ ಫಾಮ್ ಹೋಗಿ ಕೂತಿದ್ದು ಇಂಥವರ ಪಕ್ಕದಲ್ಲಿ.

ಬಕೆಟ್ ಮತ್ತು ಛಾವಣಿ

ಈಗ ಮುಖ್ಯ ಪದಕ್ಕೆ ಬರೋಣ: ನಂಬಿಕೆ ಆಧಾರಿತ ಸಮುದಾಯ ಸಂಘಟನೆ. ಕೇಳುವುದಕ್ಕೆ ಭಾರ ಅನ್ನಿಸುತ್ತದೆ. ವಿಷಯ ಅಷ್ಟು ಕಷ್ಟದ್ದಲ್ಲ.

ಹತ್ತು ಸಂಸಾರ ಬಾಡಿಗೆಗಿರುವ ಒಂದು ಹಳೆಯ ಕಟ್ಟಡ ಇದೆ ಅಂದುಕೊಳ್ಳಿ. ಮಳೆ ಬಂದರೆ ಎಲ್ಲರ ಮನೆಯೂ ಸೋರುತ್ತದೆ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಬಕೆಟ್ ಇಟ್ಟುಕೊಂಡು ರಾತ್ರಿ ಎದ್ದೆದ್ದು ನೀರು ಚೆಲ್ಲುತ್ತಾರೆ. ಯಾರೋ ಪುಣ್ಯಾತ್ಮರು ಬಂದು ಬಕೆಟ್ ಇಲ್ಲದವರಿಗೆ ಬಕೆಟ್ ಕೊಟ್ಟರೆ ಅದು ಸಹಾಯ. ಒಳ್ಳೆಯ ಕೆಲಸವೇ, ಆ ರಾತ್ರಿಗೆ ಬೇಕಾದದ್ದೇ. ಆದರೆ ಹತ್ತು ಮನೆಯವರೂ ಒಂದು ಸಂಜೆ ಒಟ್ಟಿಗೆ ಕೂತು, ‘ನಿಮ್ಮಲ್ಲೂ ಸೋರುತ್ತಾ?’ ಎಂದು ಕೇಳಿಕೊಂಡು, ಎಲ್ಲರೂ ಸೇರಿ ಮಾಲೀಕನ ಬಾಗಿಲಿಗೆ ಹೋಗಿ, ‘ಛಾವಣಿ ಯಾವ ದಿನ ರಿಪೇರಿ ಮಾಡಿಸುತ್ತೀರಿ?’ ಎಂದು ಕೇಳಿದರೆ ಅದು ಸಂಘಟನೆ.

ಆ ಹತ್ತು ಜನರನ್ನು ಒಟ್ಟಿಗೆ ಕೂರಿಸುವ ಜಾಗ ಚರ್ಚ್ ಆಗಿದ್ದರೆ, ಸೇರುವುದಕ್ಕೆ ಕಾರಣ ಅವರ ನಂಬಿಕೆ ಆಗಿದ್ದರೆ, ಅದು ನಂಬಿಕೆ ಆಧಾರಿತ ಸಂಘಟನೆ. ಈಗ ಇದರಲ್ಲಿ ಕ್ರೈಸ್ತರ ಜೊತೆ ಯಹೂದಿ ಸಿನಗಾಗ್‌ಗಳು, ಮಸೀದಿಗಳೂ ಇವೆ. ಶುರುವಾಗಿದ್ದು ಹೆಚ್ಚಾಗಿ ಕ್ಯಾಥೊಲಿಕ್ ಚರ್ಚುಗಳಿಂದ.

ಇದರ ಜೊತೆಗೇ ಕೇಳಿಬರುವ ಇನ್ನೊಂದು ಪದ ಐಕ್ಯಮತ್ಯ. ನನಗೆ ಇದಕ್ಕೆ ‘ಜೊತೆ ನಿಲ್ಲುವುದು’ ಅನ್ನುವುದೇ ಸರಿಯಾದ ಕನ್ನಡ ಅನ್ನಿಸುತ್ತದೆ. ಮೇಲಿನಿಂದ ಕೈ ಚಾಚಿ ಕೊಡುವವರು ತಾವಿದ್ದಲ್ಲೇ ಇರುತ್ತಾರೆ. ಪಕ್ಕದಲ್ಲಿ ಬಂದು ನಿಂತವರ ಮೇಲೂ ಅದೇ ಮಳೆ ಬೀಳುತ್ತದೆ.

ಕಸಾಯಿಖಾನೆಗಳ ಹಿಂದಿನ ಬಡಾವಣೆಯಿಂದ

1930ರ ದಶಕದ ಶಿಕಾಗೋ. ದನ, ಹಂದಿ ಕಡಿಯುವ ದೊಡ್ಡ ದೊಡ್ಡ ಕಾರ್ಖಾನೆಗಳ ಹಿಂದೆ ಒಂದು ಬಡ ಬಡಾವಣೆ. ಪೋಲೆಂಡ್, ಲಿಥುವೇನಿಯಾ, ಸ್ಲೊವಾಕಿಯಾ, ಐರ್ಲೆಂಡ್, ಮೆಕ್ಸಿಕೋದಿಂದ ಬಂದ ಕಾರ್ಮಿಕರು ಅಲ್ಲಿದ್ದರು. ಹೆಚ್ಚಿನವರು ಕ್ಯಾಥೊಲಿಕರೇ. ಆದರೂ ಒಂದೊಂದು ದೇಶದವರಿಗೆ ಒಂದೊಂದು ಚರ್ಚ್. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. 1939ರಲ್ಲಿ ಸಾಲ್ ಅಲಿನ್‌ಸ್ಕಿ ಮತ್ತು ಜೋಸೆಫ್ ಮೀಗನ್ ಎಂಬಿಬ್ಬರು ಈ ಚರ್ಚುಗಳನ್ನೂ ಕಾರ್ಮಿಕ ಸಂಘವನ್ನೂ ಒಂದೇ ವೇದಿಕೆಗೆ ತಂದರು. ಶಿಕಾಗೋದ ಸಹಾಯಕ ಬಿಷಪ್ ಬರ್ನಾರ್ಡ್ ಶೀಲ್ ಬೆಂಬಲಕ್ಕೆ ನಿಂತರು. ಅಲಿನ್‌ಸ್ಕಿ ಸ್ವತಃ ಯಹೂದಿ ಮನೆತನದವರು, ಅಂಥ ಧಾರ್ಮಿಕ ವ್ಯಕ್ತಿಯೇನೂ ಅಲ್ಲ. ಆದರೆ ಬಡವರು ನಂಬಿ ಬರುವ, ವಾರ ವಾರ ಸೇರುವ ಜಾಗ ಚರ್ಚ್ ಎಂಬುದು ಅವರಿಗೆ ಗೊತ್ತಿತ್ತು. ಮರುವರ್ಷ ಅವರು ಇಂಡಸ್ಟ್ರಿಯಲ್ ಏರಿಯಾಸ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿದರು. ಅದು ಇವತ್ತಿಗೂ ಕೆಲಸ ಮಾಡುತ್ತಿದೆ.

ಈ ಪದ್ಧತಿ ಪೂರ್ತಿ ಆಕಾರ ಪಡೆದಿದ್ದು 1974ರಲ್ಲಿ, ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ. ನಗರದ ಪಶ್ಚಿಮ ಭಾಗದಲ್ಲಿದ್ದವರು ಮೆಕ್ಸಿಕನ್ ಮೂಲದವರು. ಎಷ್ಟೋ ಜನ ತಲೆಮಾರುಗಳಿಂದ ಅಲ್ಲಿಯವರೇ, ಅಮೆರಿಕದ ಪ್ರಜೆಗಳೇ. ಆದರೂ ನಗರಸಭೆಗೆ ಅವರು ಲೆಕ್ಕಕ್ಕಿರಲಿಲ್ಲ. ಅದೇ ಊರಿನ ಎರ್ನೆಸ್ಟೊ ಕೋರ್ಟೆಸ್ ಎಂಬ ಸಂಘಟಕ ಕ್ಯಾಥೊಲಿಕ್ ಚರ್ಚುಗಳ ಮೂಲಕ ಮನೆಮನೆಗೆ ಹೋಗಿ ನೂರಾರು ಜನರನ್ನು ಮಾತಾಡಿಸಿದರು. ಬರೀ ಚರ್ಚಿನ ದೊಡ್ಡ ಮನುಷ್ಯರನ್ನಲ್ಲ, ಹಬ್ಬದ ಅಡುಗೆ ಉಸ್ತುವಾರಿ ನೋಡುವ ಹೆಂಗಸರನ್ನು, ಶಾಲೆಯ ಪೋಷಕರ ಸಂಘದವರನ್ನು. ನಿಮ್ಮ ಚಿಂತೆ ಏನು ಅಂತ ಕೇಳಿದಾಗ ಜನ ಹೇಳಿದ್ದು ಚರಂಡಿ ವಿಷಯ. ಮಳೆ ಬಂದರೆ ರಸ್ತೆಯೆಲ್ಲ ನೀರು, ಮನೆಯೊಳಗೂ ನೀರು.

1974ರ ಆಗಸ್ಟ್‌ನಲ್ಲಿ ಜೋರು ಮಳೆಗೆ ಮನೆಗಳು ಮುಳುಗಿದವು. ಜನ ನಗರದ ಕಚೇರಿಗಳಲ್ಲಿ ಹಳೆಯ ಕಾಗದಪತ್ರ ಹುಡುಕಿದರು. ತಮ್ಮ ಬಡಾವಣೆಗೆ ಚರಂಡಿ ಮಾಡಿಸುವ ಯೋಜನೆ 1945ರಿಂದಲೇ ಕಾಗದದಲ್ಲಿ ಇತ್ತು! ನೂರಾರು ಜನ ನಗರಸಭೆಗೆ ಹೋಗಿ ಕೂತರು. ‘ಯೋಜನೆ ಇದೆ, ಕೆಲಸ ಯಾಕೆ ಆಗಿಲ್ಲ?’ ಎಂದು ಕೇಳಿದರು. ಅದೇ ನವೆಂಬರ್‌ನಲ್ಲಿ ಚರಂಡಿ ಕೆಲಸಕ್ಕೆ ಸುಮಾರು 4.6 ಕೋಟಿ ಡಾಲರ್ ಸಾಲಪತ್ರಕ್ಕೆ ಮತದಾರರ ಒಪ್ಪಿಗೆ ಸಿಕ್ಕಿತು. ಮುಂದಿನ ವರ್ಷ ಬೇರೆ ಬೇಡಿಕೆಗಳಿಗೆ ಊರಿನ ದೊಡ್ಡವರು ಕಿವಿಗೊಡದೇ ಇದ್ದಾಗ ಇವರು ಒಂದು ದೊಡ್ಡ ಬ್ಯಾಂಕಿಗೆ ಹೋದರು. ಕೌಂಟರ್ ಮುಂದೆ ಸಾಲು ನಿಂತು ನೋಟು ಕೊಟ್ಟು ಚಿಲ್ಲರೆ ತೆಗೆದುಕೊಂಡರು. ಮತ್ತೆ ಸಾಲಿಗೆ ಬಂದು ಚಿಲ್ಲರೆ ಕೊಟ್ಟು ನೋಟು ಕೇಳಿದರು. ಕಾನೂನು ಮುರಿದಿಲ್ಲ, ಜಗಳ ಆಡಿಲ್ಲ. ಬ್ಯಾಂಕಿನ ಕೆಲಸ ಮಾತ್ರ ನಿಂತೇಹೋಯಿತು. ‘ಕಾಪ್ಸ್’ ಎಂಬ ಹೆಸರಿನ ಈ ಸಂಘಟನೆ ಆಮೇಲೆ ದೇಶದ ಉಳಿದ ಊರುಗಳಿಗೆ ಮಾದರಿಯಾಯಿತು.

ಬರಾಕ್ ಒಬಾಮಾ 1985ರಲ್ಲಿ ಶಿಕಾಗೋಗೆ ಬಂದು ಮೊದಲು ಮಾಡಿದ್ದೂ ಇಂಥದ್ದೇ ಕೆಲಸ. ಚರ್ಚುಗಳ ಒಂದು ಒಕ್ಕೂಟದಲ್ಲಿ ಸಮುದಾಯ ಸಂಘಟಕನಾಗಿದ್ದರು.

ಕೆಲಸ ನಡೆಯುವುದು ಹೇಗೆ?

ಹೊರಗಿನಿಂದ ನೋಡಿದರೆ ಕಾಣುವುದು ಸಭೆ, ಮೆರವಣಿಗೆ. ನಿಜವಾದ ಕೆಲಸ ಆಗುವುದು ಅದಕ್ಕೆ ಎಷ್ಟೋ ತಿಂಗಳು ಮೊದಲು, ಯಾರದೋ ಮನೆಯ ಅಡುಗೆಕೋಣೆಯಲ್ಲಿ.

ಮೊದಲ ಹೆಜ್ಜೆ ಒಬ್ಬರ ಜೊತೆ ಒಬ್ಬರು ಕೂತು ಮಾತಾಡುವುದು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಕೈಯಲ್ಲಿ ಅರ್ಜಿ ಇರುವುದಿಲ್ಲ, ಪ್ರಶ್ನೆಗಳ ಪಟ್ಟಿ ಇರುವುದಿಲ್ಲ. ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ರಾತ್ರಿ ನಿದ್ದೆ ಕೆಡಿಸುವುದು ಏನು, ಯಾವುದರ ಬಗ್ಗೆ ಸಿಟ್ಟಿದೆ, ಇಂಥ ಮಾತು. ಕೇಳಿದವರು ತಮ್ಮ ಕಥೆಯನ್ನೂ ಹೇಳಬೇಕು. ಬರೀ ಕೇಳಿಸಿಕೊಂಡು ಎದ್ದುಹೋದರೆ ಅದು ಸರ್ವೆ ಆಗುತ್ತದೆ. ವಲಸಿಗರ ವಿಷಯದಲ್ಲಿ ಈ ಹೆಜ್ಜೆಗೆ ಬೆಲೆ ಇನ್ನೂ ಜಾಸ್ತಿ. ದಾಖಲೆ ಇಲ್ಲದವರು ವರ್ಷಗಟ್ಟಲೆ ತಮ್ಮ ಪರಿಸ್ಥಿತಿಯನ್ನು ಪಕ್ಕದ ಮನೆಯವರಿಗೂ ಹೇಳದೆ ಬದುಕಿರುತ್ತಾರೆ. ಪಕ್ಕದ ಬೆಂಚಿನಲ್ಲಿ ಕೂರುವವರಿಗೂ ಅದೇ ಭಯ ಇದೆ ಅಂತ ಗೊತ್ತಾಗುವುದೇ ಒಂದು ದೊಡ್ಡ ತಿರುವು.

ಆಮೇಲೆ ಮನೆ ಸಭೆ. ಹತ್ತು ಹದಿನೈದು ಜನ ಒಂದು ಮನೆಯಲ್ಲಿ ಸೇರುತ್ತಾರೆ. ಬೇರೆ ಬೇರೆ ಬಾಯಿಂದ ಒಂದೇ ತೊಂದರೆ ಬಂದರೆ ಅದನ್ನು ಹಿಡಿದುಕೊಳ್ಳುತ್ತಾರೆ. ‘ಬಡತನ ಹೋಗಬೇಕು’ ಅನ್ನುವುದು ಬೇಡಿಕೆ ಆಗುವುದಿಲ್ಲ, ಅದಕ್ಕೆ ಹೌದು-ಇಲ್ಲ ಹೇಳುವವರು ಯಾರೂ ಇಲ್ಲ. ‘ಈ ಬೀದಿಯಲ್ಲಿ ಪೊಲೀಸರು ಬಣ್ಣ ನೋಡಿ ಗಾಡಿ ನಿಲ್ಲಿಸುವುದು ನಿಲ್ಲಬೇಕು’ ಅನ್ನುವುದು ಬೇಡಿಕೆ. ಯಾರನ್ನು ಕೇಳಬೇಕೆಂದು ಗೊತ್ತಿದೆ, ಆಯಿತೋ ಇಲ್ಲವೋ ಎಂದು ನೋಡಬಹುದು.

ನಂತರ ವಿಷಯದ ಅಧ್ಯಯನ. ಈ ನಿರ್ಧಾರ ಯಾರ ಕೈಯಲ್ಲಿದೆ, ನಗರಸಭೆಯೋ, ರಾಜ್ಯವೋ, ಕೇಂದ್ರವೋ? ಕೊನೆಗೆ ಅಧಿಕಾರಿಯನ್ನು ಕರೆಸಿ ದೊಡ್ಡ ಸಭೆ. ಅಲ್ಲಿ ಮೈಕ್ ಹಿಡಿಯುವವರು ಪಾದ್ರಿಯಲ್ಲ, ತೊಂದರೆ ಅನುಭವಿಸಿದವರೇ. ಹೋಟೆಲ್ ಕೆಲಸದಾಕೆ ಮೇಯರ್ ಮುಂದೆ ನಿಂತು ತನ್ನ ಕಥೆ ಹೇಳಿ, ‘ನೀವು ಇದನ್ನು ಮಾಡುತ್ತೀರಾ, ಇಲ್ಲವಾ?’ ಎಂದು ಕೇಳುತ್ತಾಳೆ. ಸಭೆ ಮುಗಿದ ಕೂಡಲೇ ಎಲ್ಲರೂ ಒಂದು ಮೂಲೆಯಲ್ಲಿ ಸೇರಿ, ಏನು ಸರಿಹೋಯಿತು, ಎಲ್ಲಿ ಎಡವಿದೆವು ಅಂತ ಮಾತಾಡದೆ ಮನೆಗೆ ಹೋಗುವುದಿಲ್ಲ.

ಸಂಬಳದ ಸಂಘಟಕರು ಇದ್ದೇ ಇರುತ್ತಾರೆ. ಆದರೆ ಅವರಿಗೆ ಒಂದು ಕಟ್ಟಳೆ ಇದೆ: ಜನ ತಾವೇ ಮಾಡಿಕೊಳ್ಳಬಲ್ಲ ಕೆಲಸವನ್ನು ನೀನು ಮಾಡಿಕೊಡಬೇಡ. ಹಣ ಬರುವುದು ಸದಸ್ಯ ಚರ್ಚುಗಳ ವಂತಿಗೆಯಿಂದ, ಮತ್ತು ಅನುದಾನದಿಂದ. ಅಮೆರಿಕದಲ್ಲಿ ಇಂಥ ಹಲವು ಜಾಲಗಳಿವೆ. 1972ರಲ್ಲಿ ಜೆಸ್ಯೂಟ್ ಪಾದ್ರಿ ಜಾನ್ ಬೌಮನ್ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಶುರುಮಾಡಿದ ಪೀಕೋ, ಈಗ ‘ಫೇತ್ ಇನ್ ಆ್ಯಕ್ಷನ್’ ಎಂಬ ಹೆಸರಿನಲ್ಲಿ ಇದೆ.

ಬೈಬಲ್ ಏನು ಹೇಳುತ್ತದೆ?

ಪರದೇಶಿಯ ವಿಷಯ ಬೈಬಲ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಹಳೆಯ ಒಡಂಬಡಿಕೆಯ ಯಾಜಕಕಾಂಡ 19ನೇ ಅಧ್ಯಾಯದಲ್ಲಿ, ನಿಮ್ಮ ನಡುವೆ ಇರುವ ಪರದೇಶದವನನ್ನು ಸ್ವದೇಶದವನಂತೆ ಕಾಣಿರಿ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಲ್ಲ ಎಂಬ ಮಾತಿದೆ. ನನಗೆ ಈ ಎರಡನೆಯ ಭಾಗ ಮುಖ್ಯ ಅನ್ನಿಸುತ್ತದೆ. ಪಾಪ ಅಂತ ಕನಿಕರಪಡಿ ಎಂದು ಅದು ಹೇಳುತ್ತಿಲ್ಲ. ನಿಮ್ಮದೇ ಕಥೆ ನೆನಪು ಮಾಡಿಕೊಳ್ಳಿ ಅನ್ನುತ್ತಿದೆ.

ಹೊಸ ಒಡಂಬಡಿಕೆಯಲ್ಲಿ ಮಗು ಯೇಸುವನ್ನು ಕಟ್ಟಿಕೊಂಡು ಯೋಸೇಫ, ಮರಿಯ ರಾತ್ರೋರಾತ್ರಿ ಈಜಿಪ್ಟಿಗೆ ಓಡುತ್ತಾರೆ. ರಾಜ ಹೆರೋದ ಮಗುವನ್ನು ಕೊಲ್ಲಲು ಹುಡುಕುತ್ತಿರುತ್ತಾನೆ. ಇಂದಿನ ಪದದಲ್ಲಿ ಹೇಳಿದರೆ ಅದು ನಿರಾಶ್ರಿತ ಸಂಸಾರ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ದಿನ ಕೇಳುವ ಲೆಕ್ಕದಲ್ಲೂ ಇದು ಇದೆ: ನಾನು ಪರದೇಶಿಯಾಗಿದ್ದೆ, ನೀವು ನನ್ನನ್ನು ಸೇರಿಸಿಕೊಂಡಿರಿ.

ಟೂಸಾನ್‌ನ ಚರ್ಚ್ ಮತ್ತು ಎರಡು ಬ್ಯಾನರ್

1980ರ ದಶಕದಲ್ಲಿ ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾದಲ್ಲಿ ಅಂತರ್ಯುದ್ಧ. 1980ರ ಮಾರ್ಚ್ 24ರಂದು ಎಲ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರನ್ನು ಪೂಜೆ ನಡೆಸುತ್ತಿದ್ದಾಗಲೇ ಗುಂಡಿಟ್ಟು ಕೊಂದರು. ಅಲ್ಲಿನ ಜನ ಮೆಕ್ಸಿಕೋ ದಾಟಿ ಅಮೆರಿಕದ ಗಡಿಗೆ ಬರತೊಡಗಿದರು. ಅರಿಜೋನಾದ ಮರುಭೂಮಿಯಲ್ಲಿ ನೀರಿಲ್ಲದೆ ಸತ್ತವರೂ ಇದ್ದರು. ಅಮೆರಿಕ ಆ ದೇಶಗಳ ಸರ್ಕಾರಗಳನ್ನು ಬೆಂಬಲಿಸುತ್ತಿತ್ತು. ಹಾಗಾಗಿ ಅಲ್ಲಿಂದ ಓಡಿಬಂದವರನ್ನು ನಿರಾಶ್ರಿತರೆಂದು ಒಪ್ಪಿಕೊಳ್ಳುವುದು ಅದಕ್ಕೆ ಕಷ್ಟವಾಗಿತ್ತು. 1984ರಲ್ಲಿ ಎಲ್ ಸಾಲ್ವಡಾರ್‌ನವರ ಆಶ್ರಯ ಅರ್ಜಿಗಳಲ್ಲಿ ಒಪ್ಪಿಗೆ ಸಿಕ್ಕಿದ್ದು ನೂರಕ್ಕೆ ಮೂರಕ್ಕಿಂತ ಕಡಿಮೆ.

ಟೂಸಾನ್ ನಗರದ ಹತ್ತಿರ ಆಡು ಸಾಕಿಕೊಂಡಿದ್ದ ಜಿಮ್ ಕಾರ್ಬೆಟ್ ಎಂಬ ಕ್ವೇಕರ್ ಕ್ರೈಸ್ತ ಪಂಥದವರು, ಸಿಕ್ಕಿಬಿದ್ದ ಒಬ್ಬ ಸಾಲ್ವಡಾರ್ ಹುಡುಗನ ಬಗ್ಗೆ ವಿಚಾರಿಸಲು ಹೋಗಿ ಇದರೊಳಗೆ ಬಂದವರು. ಅವರೂ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚಿನ ಪಾಸ್ಟರ್ ಜಾನ್ ಫೈಫ್ ಅವರೂ ಮೊದಲು ಕಾನೂನಿನ ದಾರಿಯಲ್ಲೇ ಪ್ರಯತ್ನಪಟ್ಟರು, ಜಾಮೀನಿಗೆ ದುಡ್ಡು ಕೂಡಿಸಿದರು. ಅರ್ಜಿಗಳು ಬಿದ್ದುಹೋಗುತ್ತಲೇ ಇದ್ದವು. ರೊಮೆರೊ ತೀರಿಕೊಂಡು ಸರಿಯಾಗಿ ಎರಡು ವರ್ಷಕ್ಕೆ, 1982ರ ಮಾರ್ಚ್ 24ರಂದು, ಚರ್ಚಿನ ಹೊರಗೆ ಎರಡು ಬ್ಯಾನರ್ ಕಟ್ಟಿದರು. ಒಂದರಲ್ಲಿ, ಮಧ್ಯ ಅಮೆರಿಕದ ದಮನಿತರಿಗೆ ಇದು ಆಶ್ರಯ ಎಂದು ಬರೆದಿತ್ತು. ಇನ್ನೊಂದರಲ್ಲಿ, ವಲಸೆ ಇಲಾಖೆಯವರೇ, ದೇವರ ಆಶ್ರಯಸ್ಥಾನವನ್ನು ಅಪವಿತ್ರ ಮಾಡಬೇಡಿ ಎಂದು. ಕದ್ದುಮುಚ್ಚಿ ಮಾಡುತ್ತಿದ್ದುದನ್ನು ಅವತ್ತಿನಿಂದ ಎಲ್ಲರೆದುರು ಮಾಡತೊಡಗಿದರು. ಕೆಲವೇ ವರ್ಷಗಳಲ್ಲಿ 500ಕ್ಕೂ ಹೆಚ್ಚು ಚರ್ಚುಗಳು, ಸಿನಗಾಗ್‌ಗಳು ಇದಕ್ಕೆ ಸೇರಿದವು.

ಲಾಸ್ ಏಂಜಲೀಸ್‌ನಲ್ಲಿ ಸಂಘಟನೆ ಮತ್ತು ಆಶ್ರಯ ಎರಡೂ ಒಂದೇ ಕಡೆ ಕೂಡಿದವು. ಫಾದರ್ ಲೂಯಿಸ್ ಒಲಿವಾರೆಸ್ ಅಲ್ಲಿನ ಚರ್ಚುಗಳ ಒಕ್ಕೂಟದ ನಾಯಕರಾಗಿದ್ದರು. ತಮ್ಮ ಬಡಾವಣೆಯವರಿಗೆ ಮಾತ್ರ ಕಾರು ವಿಮೆ ಕಂತು ಜಾಸ್ತಿ ಹಾಕುತ್ತಿದ್ದುದರ ವಿರುದ್ಧ ಹೋರಾಡಿ ಪಳಗಿದ್ದರು. ಅದೇ ಫಾದರ್ 1985ರ ಡಿಸೆಂಬರ್‌ನಲ್ಲಿ ‘ಲಾ ಪ್ಲಸಿಟಾ’ ಎಂದು ಎಲ್ಲರೂ ಕರೆಯುವ ತಮ್ಮ ಚರ್ಚನ್ನು ಆಶ್ರಯಸ್ಥಾನ ಎಂದು ಘೋಷಿಸಿದರು. ರಾತ್ರಿ ಮಲಗಲು ಜಾಗವಿಲ್ಲದವರು ಚರ್ಚಿನ ಬೆಂಚುಗಳ ಮೇಲೆ ಮಲಗುತ್ತಿದ್ದರು.

ಸರ್ಕಾರ ಸುಮ್ಮನಿರಲಿಲ್ಲ. ಮೈಯಲ್ಲಿ ರೆಕಾರ್ಡರ್ ಬಚ್ಚಿಟ್ಟುಕೊಂಡ ಮಾಹಿತಿದಾರರನ್ನು ಚರ್ಚಿನ ಸಭೆಗಳಿಗೆ ಕಳಿಸಿತು. ಟೂಸಾನ್‌ನಲ್ಲಿ 11 ಜನರ ಮೇಲೆ ವಿಚಾರಣೆ ನಡೆದು, 1986ರಲ್ಲಿ ಫೈಫ್ ಸೇರಿ ಎಂಟು ಜನ ತಪ್ಪಿತಸ್ಥರು ಎಂದಾಯಿತು. ಜೈಲಿಗೆ ಮಾತ್ರ ಯಾರನ್ನೂ ಕಳಿಸಲಿಲ್ಲ. ಇನ್ನೊಂದು ಕಡೆ ಚರ್ಚುಗಳೇ ಸರ್ಕಾರದ ಮೇಲೆ ಕೇಸು ಹಾಕಿದ್ದವು. ಅದು 1991ರಲ್ಲಿ ರಾಜಿಯಾಗಿ, ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾದವರ ತಿರಸ್ಕೃತ ಅರ್ಜಿಗಳನ್ನು ಹೊಸದಾಗಿ ಕೇಳಲು ಸರ್ಕಾರ ಒಪ್ಪಿತು.

ಪಾದ್ರಿಯ ಕೈಯಲ್ಲಿದ್ದ ಹೊಳೆಯುವ ವಸ್ತು

ಸಂಘಟನೆಯನ್ನು ಹತ್ತಿರದಿಂದ ನೋಡಬೇಕೆಂದರೆ ಕನೆಕ್ಟಿಕಟ್ ರಾಜ್ಯದ ಈಸ್ಟ್ ಹೇವನ್ ಎಂಬ ಸಣ್ಣ ಊರಿನ ಕಥೆ ನೋಡಿ. ಎಕ್ವಡಾರ್‌ನಿಂದ ಬಂದ ಬಹಳ ಜನ ಅಲ್ಲಿ ಅಂಗಡಿ ಇಟ್ಟುಕೊಂಡಿದ್ದರು. ಅವರಲ್ಲಿ ಅನೇಕರು ಭಾನುವಾರ ಪಕ್ಕದ ನ್ಯೂ ಹೇವನ್‌ನ ಸೇಂಟ್ ರೋಸ್ ಚರ್ಚಿಗೆ ಹೋಗುತ್ತಿದ್ದರು. ಪೂಜೆ ಮುಗಿದ ಮೇಲೆ ಫಾದರ್ ಜೇಮ್ಸ್ ಮ್ಯಾನ್‌ಶಿಪ್ ಅವರ ಹತ್ತಿರ ಒಬ್ಬೊಬ್ಬರೇ ಹೇಳಿಕೊಂಡರು: ಪೊಲೀಸರು ಕಾರಣವಿಲ್ಲದೆ ಗಾಡಿ ನಿಲ್ಲಿಸುತ್ತಾರೆ, ಅಂಗಡಿಗೆ ಬಂದು ಗಿರಾಕಿಗಳನ್ನು ಹೆದರಿಸುತ್ತಾರೆ, ಹೊಡೆಯುತ್ತಾರೆ. ಒಬ್ಬರ ದೂರು ಅಂತ ಇದ್ದುದು ಹತ್ತಾರು ಜನರ ದೂರಾಯಿತು. ಎಲ್ಲರೂ ಸೇರಿ ದಿನಾಂಕ ಸಮೇತ ಬರೆದಿಡತೊಡಗಿದರು. ಯೇಲ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳು ನೆರವಿಗೆ ಬಂದರು.

2009ರ ಫೆಬ್ರುವರಿಯಲ್ಲಿ ಒಂದು ದಿನ ಪೊಲೀಸರು ಒಂದು ಅಂಗಡಿಗೆ ಬಂದರು. ಗೋಡೆಯಲ್ಲಿ ಅಲಂಕಾರಕ್ಕೆ ಹಳೆಯ ಕಾರು ನಂಬರ್ ಪ್ಲೇಟ್‌ಗಳನ್ನು ತೂಗುಹಾಕಿದ್ದರು, ಅದನ್ನು ತಕರಾರು ಮಾಡಿದರು. ಫಾದರ್ ಅಲ್ಲೇ ಇದ್ದರು. ಸಣ್ಣ ವಿಡಿಯೊ ಕ್ಯಾಮೆರಾ ತೆಗೆದು ಚಿತ್ರೀಕರಿಸಿದರು. ಅವರನ್ನೇ ಬಂಧಿಸಿದರು. ಅವರ ಕೈಯಲ್ಲಿ ಏನೋ ಗೊತ್ತಾಗದ ಹೊಳೆಯುವ ವಸ್ತು ಇತ್ತು ಎಂದು ಪೊಲೀಸ್ ವರದಿಯಲ್ಲಿ ಬರೆದರು. ವಿಡಿಯೊ ಹೊರಗೆ ಬಂದಾಗ, ಅದರಲ್ಲಿ ಪೊಲೀಸನೇ ‘ಯಾಕೆ ಕ್ಯಾಮೆರಾ ಹಿಡಿದಿದ್ದೀಯ?’ ಎಂದು ಕೇಳುವುದು ಸ್ಪಷ್ಟವಾಗಿತ್ತು.

ಫಾದರ್ ಮೇಲಿನ ಆರೋಪ ಕೈಬಿಟ್ಟರು. ಕೇಂದ್ರದ ನ್ಯಾಯ ಇಲಾಖೆ ತನಿಖೆ ಮಾಡಿತು. ಆ ಊರಿನ ಪೊಲೀಸರು ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನರ ಮೇಲೆ ತಾರತಮ್ಯ ಮಾಡಿದ್ದು ನಿಜ ಎಂದು 2011ರ ಡಿಸೆಂಬರ್‌ನಲ್ಲಿ ಹೇಳಿತು. ಮರು ತಿಂಗಳು ಎಫ್‌ಬಿಐ ನಾಲ್ವರು ಪೊಲೀಸರನ್ನು ಬಂಧಿಸಿತು, ನಾಲ್ವರಿಗೂ ಜೈಲಾಯಿತು. ಕ್ಯಾಮೆರಾ ಹಿಡಿದವರು ಫಾದರ್ ಹೌದು. ಆದರೆ ಅದಕ್ಕೆ ಮೊದಲು ಭಯ ಬಿಟ್ಟು ತಮ್ಮ ಹೆಸರು ಹೇಳಿ, ನಡೆದದ್ದನ್ನು ಬರೆಸಿದ ಅಂಗಡಿಯವರಿಲ್ಲದಿದ್ದರೆ ಆ ಕ್ಯಾಮೆರಾಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಚರ್ಚಿನೊಳಗೆ ಪೊಲೀಸರು ಬರಬಹುದಾ?

ಬರಬಹುದು. ದೇವಾಲಯಕ್ಕೆ ಓಡಿಬಂದವನನ್ನು ಹಿಡಿಯಬಾರದು ಎಂಬ ಪದ್ಧತಿ ಬಹಳ ಹಳೆಯದು. ಬೈಬಲ್‌ನಲ್ಲಿ ಆರು ಆಶ್ರಯನಗರಗಳ ಮಾತು ಬರುತ್ತದೆ. ಮಧ್ಯಕಾಲದ ಇಂಗ್ಲೆಂಡಿನಲ್ಲಿ ಅದು ಕಾನೂನೇ ಆಗಿತ್ತು. ಅಮೆರಿಕದಲ್ಲಿ ಅಂಥ ಕಾನೂನು ಯಾವತ್ತೂ ಇರಲಿಲ್ಲ.

ಇದ್ದದ್ದು ಇಲಾಖೆಯ ಒಳಗಿನ ಒಂದು ಸೂಚನೆ. ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳಲ್ಲಿ ಸಾಮಾನ್ಯವಾಗಿ ಬಂಧಿಸಬೇಡಿ ಎಂದು ವಲಸೆ ಪೊಲೀಸ್ ಇಲಾಖೆ, ಅಂದರೆ ಐಸಿಇ, 2011ರಲ್ಲಿ ತನ್ನ ಅಧಿಕಾರಿಗಳಿಗೆ ಹೇಳಿತ್ತು. 2021ರಲ್ಲಿ ಸರ್ಕಾರ ಅದನ್ನು ಇನ್ನಷ್ಟು ವಿಸ್ತರಿಸಿತು. ಅಧಿಕಾರಿ ಬರೆದ ಸೂಚನೆಯನ್ನು ಇನ್ನೊಬ್ಬ ಅಧಿಕಾರಿ ಅಳಿಸಬಹುದು. 2025ರ ಜನವರಿ 20ರಂದು, ಹೊಸ ಸರ್ಕಾರ ಬಂದ ದಿನವೇ, ಅದನ್ನು ರದ್ದು ಮಾಡಿದರು. ಕ್ವೇಕರ್‌ಗಳು ಕೋರ್ಟಿಗೆ ಹೋದರು, ಅವರ ಜೊತೆ ಒಂದು ಬ್ಯಾಪ್ಟಿಸ್ಟ್ ಒಕ್ಕೂಟ ಮತ್ತು ಒಂದು ಸಿಖ್ ಗುರುದ್ವಾರವೂ ಸೇರಿದವು. ಫೆಬ್ರುವರಿಯಲ್ಲಿ ಜಡ್ಜ್ ತಡೆ ಕೊಟ್ಟರು, ಆದರೆ ಕೇಸು ಹಾಕಿದವರ ಪೂಜಾಸ್ಥಳಗಳಿಗೆ ಮಾತ್ರ. ಬೇರೊಂದು ಕೋರ್ಟಿನಲ್ಲಿ ಬೇರೆ ಧಾರ್ಮಿಕ ಸಂಸ್ಥೆಗಳು ಹಾಕಿದ ಇಂಥದ್ದೇ ಕೇಸಿನಲ್ಲಿ ತಡೆ ಸಿಗಲಿಲ್ಲ.

ಚರ್ಚುಗಳು ಈಗ ಸದಸ್ಯರಿಗೆ ಹೇಳಿಕೊಡುವ ಒಂದು ವಿಷಯ ವಾರಂಟ್ ಬಗ್ಗೆ. ವಾರಂಟ್‌ನಲ್ಲಿ ಎರಡು ಬಗೆ. ಒಂದಕ್ಕೆ ಜಡ್ಜ್ ಸಹಿ ಇರುತ್ತದೆ, ಇನ್ನೊಂದಕ್ಕೆ ವಲಸೆ ಇಲಾಖೆಯ ಅಧಿಕಾರಿಯೇ ಸಹಿ ಹಾಕಿರುತ್ತಾನೆ. ಎಲ್ಲರಿಗೂ ತೆರೆದ ಪ್ರಾರ್ಥನಾ ಸಭಾಂಗಣಕ್ಕೆ ಯಾರು ಬೇಕಾದರೂ ಬರಬಹುದು, ಅಧಿಕಾರಿಯೂ. ಆದರೆ ಕಚೇರಿ, ಪಾದ್ರಿಯ ಮನೆ ಇಂಥ ಖಾಸಗಿ ಜಾಗಕ್ಕೆ ಒಪ್ಪಿಗೆ ಇಲ್ಲದೆ ಬರಬೇಕಾದರೆ ಜಡ್ಜ್ ಸಹಿಯ ವಾರಂಟ್ ಬೇಕು. ಹಾಗಾಗಿ ಕೆಲವು ಚರ್ಚುಗಳು ‘ಖಾಸಗಿ’ ಎಂಬ ಬೋರ್ಡು ಹಾಕಿವೆ.

ಬಾಗಿಲು ಭದ್ರವಾಗಿದ್ದರೂ ಹೊರಗೆ ಬರುವ ದಿನ ಅಪಾಯ ಇದ್ದೇ ಇದೆ. 2006ರ ಆಗಸ್ಟ್‌ನಲ್ಲಿ ಎಲ್ವಿರಾ ಅರೆಲಾನೊ ಎಂಬ ಮೆಕ್ಸಿಕನ್ ತಾಯಿ ಶಿಕಾಗೋದ ಒಂದು ಮೆಥಡಿಸ್ಟ್ ಚರ್ಚಿನಲ್ಲಿ ಆಶ್ರಯ ಪಡೆದರು, ಒಂದು ವರ್ಷ ಅಲ್ಲೇ ಇದ್ದರು. ಮರುವರ್ಷ ಆಗಸ್ಟ್‌ನಲ್ಲಿ ಬೇರೆ ವಲಸಿಗರ ಪರ ಮಾತಾಡಲು ಲಾಸ್ ಏಂಜಲೀಸ್‌ಗೆ ಹೋದಾಗ ಬಂಧಿಸಿ ಮೆಕ್ಸಿಕೋಗೆ ಕಳಿಸಿದರು. ಬಂಧಿಸಿದ್ದು ಅದೇ ಲಾ ಪ್ಲಸಿಟಾ ಚರ್ಚಿನ ಹೊರಗೆ.

ನೆದರ್ಲೆಂಡ್ಸ್‌ನಲ್ಲಿ ಕಾನೂನು ಬೇರೆ. ಅಲ್ಲಿ ಆರಾಧನೆ ನಡೆಯುತ್ತಿರುವಾಗ ಪೊಲೀಸರು ಒಳಗೆ ಬರುವಂತಿಲ್ಲ. ಅದಕ್ಕೇ 2018ರ ಅಕ್ಟೋಬರ್ 26ರಂದು ಹೇಗ್ ನಗರದ ಬೆಥೆಲ್ ಚರ್ಚಿನಲ್ಲಿ ಒಂದು ಆರ್ಮೇನಿಯನ್ ಕುಟುಂಬವನ್ನು ಉಳಿಸಲು ಶುರುವಾದ ಆರಾಧನೆ ಹಗಲೂ ರಾತ್ರಿ ನಡೆಯಿತು. ಒಬ್ಬ ಪಾದ್ರಿ ಮುಗಿಸುವ ಹೊತ್ತಿಗೆ ಇನ್ನೊಬ್ಬರು ಬಂದು ನಿಲ್ಲುತ್ತಿದ್ದರು. ದೇಶದ ಮೂಲೆಮೂಲೆಯಿಂದ ನೂರಾರು ಪಾದ್ರಿಗಳು ಬಂದರು. 96 ದಿನ ಪ್ರಾರ್ಥನೆ ನಿಲ್ಲಲಿಲ್ಲ. ಸರ್ಕಾರ ನಿಯಮ ಸಡಿಲಿಸಿ, ಆ ಕುಟುಂಬಕ್ಕೆ ಉಳಿಯುವ ದಾರಿ ಆಯಿತು.

ಒಪ್ಪದವರ ವಾದ

ಇದನ್ನು ಎಲ್ಲ ಕ್ರೈಸ್ತರೂ ಒಪ್ಪುವುದಿಲ್ಲ. ಅದು ಬರೀ ದ್ವೇಷದಿಂದ ಅಂತ ತಿಳಿಯುವುದು ತಪ್ಪು. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಅಧಿಕಾರದಲ್ಲಿರುವವರಿಗೆ ವಿಧೇಯರಾಗಿರಿ ಅನ್ನುತ್ತದೆ, ಗಡಿ ಕಾಯುವುದು ಸರ್ಕಾರದ ಕೆಲಸವಲ್ಲವೇ ಎಂದು ಅವರು ಕೇಳುತ್ತಾರೆ. ಕಾನೂನು ಪಾಲಿಸಿ ವರ್ಷಗಟ್ಟಲೆ ಸಾಲಿನಲ್ಲಿ ಕಾದವರಿಗೆ ಇದು ಅನ್ಯಾಯ ಅನ್ನುವವರೂ ಇದ್ದಾರೆ. ಅವರಲ್ಲಿ ವಲಸಿಗರೂ ಇದ್ದಾರೆ.

ಕ್ಯಾಥೊಲಿಕ್ ಧರ್ಮಸಭೆಯ ಅಧಿಕೃತ ಬೋಧನೆ ಎರಡೂ ಕಡೆಯ ಮಾತನ್ನು ಇಟ್ಟುಕೊಂಡಿದೆ. ಅನುಕೂಲವಿರುವ ದೇಶಗಳು ತಮ್ಮ ಶಕ್ತಿ ಇದ್ದಷ್ಟು ಪರದೇಶಿಗಳನ್ನು ಬರಮಾಡಿಕೊಳ್ಳಬೇಕು, ಅದಕ್ಕೆ ಷರತ್ತು ಹಾಕುವ ಹಕ್ಕು ಸರ್ಕಾರಕ್ಕಿದೆ, ಬಂದವರು ಅಲ್ಲಿನ ಕಾನೂನು ಪಾಲಿಸಬೇಕು, ಇಷ್ಟೂ ಅದರಲ್ಲಿದೆ. 2025ರ ಆರಂಭದಲ್ಲಿ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್, ಪ್ರೀತಿಗೂ ಒಂದು ಕ್ರಮ ಇದೆ, ಮೊದಲು ಮನೆಯವರು, ಆಮೇಲೆ ನೆರೆಯವರು, ದೇಶದವರು, ನಂತರ ಉಳಿದವರು ಎಂಬ ಹಳೆಯ ಕ್ರೈಸ್ತ ವಿಚಾರವನ್ನು ಮುಂದಿಟ್ಟರು. ಫೆಬ್ರುವರಿ 10ರಂದು ಪೋಪ್ ಫ್ರಾನ್ಸಿಸ್ ಅಮೆರಿಕದ ಬಿಷಪ್‌ಗಳಿಗೆ ಪತ್ರ ಬರೆದರು. ಆ ಕ್ರಮ ಏನೆಂದು ಗೊತ್ತಾಗಬೇಕಾದರೆ ದಾರಿಯಲ್ಲಿ ಬಿದ್ದಿದ್ದ ಅಪರಿಚಿತನನ್ನು ಎತ್ತಿಕೊಂಡ ಒಳ್ಳೆಯ ಸಮಾರ್ಯದವನ ಕಥೆ ಧ್ಯಾನಿಸಬೇಕು ಎಂದು ಹೇಳಿದರು. ಅದೇ ನವೆಂಬರ್‌ನಲ್ಲಿ ಅಮೆರಿಕದ ಬಿಷಪ್‌ಗಳು 216-5 ಮತಗಳಿಂದ ಒಂದು ವಿಶೇಷ ಸಂದೇಶ ಹೊರಡಿಸಿದರು. ಗಡಿ ನಿಯಂತ್ರಿಸುವುದು ದೇಶಗಳ ಹೊಣೆ ಎಂದು ಒಪ್ಪಿಕೊಂಡೇ, ಕಂಡಕಂಡವರನ್ನೆಲ್ಲ ಸಾಮೂಹಿಕವಾಗಿ ಹೊರಹಾಕುವುದನ್ನು ವಿರೋಧಿಸಿದರು.

ಇನ್ನೊಂದು ತೊಡಕು ಸಂಘಟನೆಯ ಒಳಗಿನದೇ. ಬಾಧೆ ಪಟ್ಟವರೇ ಮೈಕ್ ಹಿಡಿಯಬೇಕು ಅನ್ನುವುದು ಈ ಪದ್ಧತಿಯ ಜೀವ. ಆದರೆ ದಾಖಲೆ ಇಲ್ಲದವರು ಮುಖ ತೋರಿಸಿದರೆ ಗಡೀಪಾರಿನ ಅಪಾಯ ಅವರಿಗೇ, ಪಕ್ಕದಲ್ಲಿ ನಿಂತ ಪ್ರಜೆಗಲ್ಲ. ಎಷ್ಟು ಮುಂದೆ ಹೋಗಬೇಕು ಎಂಬುದನ್ನು ಅವರೇ ತೀರ್ಮಾನಿಸಬೇಕು. ಇದಕ್ಕೆ ಸುಲಭದ ಉತ್ತರ ಯಾರ ಹತ್ತಿರವೂ ಇಲ್ಲ. 2025ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಬಿಷಪ್ ಆಲ್ಬರ್ಟೊ ರೋಹಾಸ್, ಬಂಧನದ ಭಯ ಇರುವವರು ಭಾನುವಾರದ ಪೂಜೆಗೆ ಬರದಿದ್ದರೂ ಪರವಾಗಿಲ್ಲ ಎಂದು ವಿನಾಯಿತಿ ಕೊಟ್ಟರು. ಬಾರದೆ ಇದ್ದರೆ ಪಾಪ ಎಂದು ಶತಮಾನಗಳಿಂದ ಕಲಿಸಿದ ಸಭೆ ಅದು.

ಈಗ ಕೋರ್ಟಿನಲ್ಲಿ

ಸ್ಯಾನ್ ಡಿಯಾಗೊದಲ್ಲಿ ಆ ಜೂನ್ ದಿನ ನಡೆದದ್ದು ಆಗಸ್ಟ್‌ನಿಂದ ದಿನನಿತ್ಯದ ಕೆಲಸವಾಯಿತು. ಬೇರೆ ಬೇರೆ ಧರ್ಮಗಳ ಸ್ವಯಂಸೇವಕರು ಸರದಿ ಹಾಕಿಕೊಂಡು ಬರುತ್ತಾರೆ. ಅವರು ಲಾಯರ್‌ಗಳಲ್ಲ, ಹಾಗಾಗಿ ಕಾನೂನು ಸಲಹೆ ಕೊಡುವುದಿಲ್ಲ. ಅಧಿಕಾರಿಗಳಿಗೆ ಅಡ್ಡಬರುವುದೂ ಇಲ್ಲ.

ಇಂಥ ಸ್ವಯಂಸೇವಕರು ಮಾಡುವುದು ಸಣ್ಣಪುಟ್ಟ ಕೆಲಸಗಳು. ಯಾವ ಕೋಣೆ, ಎಷ್ಟನೇ ಮಹಡಿ ಅಂತ ತೋರಿಸುವುದು. ಹೆಸರು ಕರೆಯುವವರೆಗೂ ಪಕ್ಕದಲ್ಲಿ ಕೂರುವುದು. ಬಯಸಿದರೆ ಜೊತೆಯಲ್ಲಿ ಪ್ರಾರ್ಥನೆ ಮಾಡುವುದು. ಮನೆಯವರ ಫೋನ್ ನಂಬರ್ ಕೇಳಿ ಇಟ್ಟುಕೊಳ್ಳುವುದು, ಆಚೆ ಬಂದಾಗ ಹಿಡಿದುಕೊಂಡು ಹೋದರೆ ತಕ್ಷಣ ತಿಳಿಸಬೇಕಲ್ಲ. ಶಾಲೆಯಿಂದ ಮಗುವನ್ನು ಯಾರು ಕರೆತರಬೇಕು, ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ ಗಾಡಿಯನ್ನು ಯಾರು ತೆಗೆಯಬೇಕು ಎಂದು ಮೊದಲೇ ಕೇಳಿಕೊಳ್ಳುವುದು.

ವಿಚಾರಣೆ ಮುಂದಕ್ಕೆ ಹೋಗಿ ಹೊಸ ತಾರೀಖು ಸಿಕ್ಕಿದರೆ, ಆ ತಾರೀಖನ್ನು ಇವರೂ ಬರೆದುಕೊಳ್ಳುತ್ತಾರೆ.